ರಾತ್ರಿ ಊಟದ ಕಾಲಂ

ನವೆಂಬರ್ 10, ಸೋಮವಾರ. ಸಂಜೆ, ಬಸ್ಸಿನಲ್ಲಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಬರೆಯುವ ಅಗತ್ಯವೇ ಇರಲಿಲ್ಲ. ಬರೆಯಲು ಬೇರೆ ಪುಸ್ತಕ ಉಂಟು — ರಿಫ್ಲೆಕ್ಟಿವ್ ಜರ್ನಲ್. ಇಂಗ್ಲಿಷಿನಲ್ಲಿ, ವಾರಕ್ಕೊಮ್ಮೆ ಮೇಡಂ ಸಹಿ. ಅದರ ಪ್ರತಿ ಪುಟವೂ ‘ಇವತ್ತು ನಾನು ಕಲಿತದ್ದು’ ಎಂದೇ ಶುರುವಾಗಬೇಕು. ಇವತ್ತು ಏನೂ ಕಲಿಯಲಿಲ್ಲ. ಹೆದರಿದೆ, ಅಷ್ಟೆ. ಹೆದರಿದ್ದಕ್ಕೆ ಅಲ್ಲಿ ಜಾಗ ಇಲ್ಲ. ಹಾಗಾಗಿ ಇಲ್ಲಿ. ಯಾರೂ ಓದುವುದಿಲ್ಲ ಎಂಬ ಧೈರ್ಯ. ಕನ್ನಡ ತಪ್ಪಾದರೆ ಅದಕ್ಕೂ ಕ್ಷಮೆ — ಐದನೇ ಕ್ಲಾಸಿನಿಂದ ಹಾಸ್ಟೆಲ್. ಅಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದವರು ಊಟದ ಹಾಲ್ ಗುಡಿಸಬೇಕಿತ್ತು. ಎಷ್ಟು ಸಲ ಗುಡಿಸಿದ್ದೇನೆ...

ಬೆಳಿಗ್ಗೆ 6:40ಕ್ಕೆ ಮೂಡುಬಿದಿರೆಯಿಂದ ಬಸ್. ಎಂಟಕ್ಕೆ ಬಂಟ್ವಾಳದ ಆಸ್ಪತ್ರೆ. ಏಪ್ರನ್, ಟೋಪಿ, ಅಡುಗೆಮನೆ. ಟ್ರಾಲಿಯ ಹಿಂದೆ ವಾರ್ಡಿಗೆ. ಹೊಸ ಪೇಷೆಂಟ್ ಬಂದರೆ ನಿನ್ನೆಯಿಂದ ಏನೇನು ತಿಂದರು ಎಂದು ಕೇಳಿ ಫಾರ್ಮ್ ತುಂಬಿಸುವುದು. ಯಾರಿಗೆ ಎಷ್ಟು ಅನ್ನ, ಎಷ್ಟು ಉಪ್ಪು ಎಂದು ಚಾರ್ಟ್ ಬರೆಯುವುದು. ತಟ್ಟೆ ವಾಪಸ್ ಬಂದಾಗ ಎಷ್ಟು ತಿಂದಿದ್ದಾರೆ ಎಂದು ನೋಡಿ ‘ಫುಲ್’, ‘ಹಾಫ್’, ‘ನಿಲ್’ ಬರೆಯುವುದು. ಎಂಎಸ್‌ಸಿ ಮೊದಲ ವರ್ಷ, ಇಂಟರ್ನ್‌ಶಿಪ್‌ನ ಎರಡನೇ ಬ್ಲಾಕ್. ಮೊದಲನೆಯದು ಬೆಳ್ತಂಗಡಿಯ ಅಂಗನವಾಡಿಗಳಲ್ಲಿ ಮುಗಿಯಿತು. ಇದು ಡಿಸೆಂಬರ್ ಐದರವರೆಗೆ. ಈ ಬ್ಲಾಕಿಗೆ ಜಸ್ನಾ ಮೇಡಂ ಸಹಿ ಬೀಳಬೇಕು. ಸಹಿ ಇಲ್ಲದೆ ಮುಂದೆ ಆರ್‌ಡಿ ಇಲ್ಲ. ರಿಜಿಸ್ಟರ್ಡ್ ಡಯಟೀಶಿಯನ್. ಹೆಸರಿನ ಮುಂದೆ ಎರಡು ಅಕ್ಷರ.

ಮೇಡಂ ಇಲ್ಲಿಯ ಚೀಫ್ ಡಯಟೀಶಿಯನ್. ಕಾಸರಗೋಡಿನವರು. ಕನ್ನಡ ನನಗಿಂತ ಚೆನ್ನಾಗಿದೆ. ಬೈಯುವುದಿಲ್ಲ. ಬೈದರೆ ಒಳ್ಳೆಯದಿತ್ತು.

ಇವತ್ತು ಕಿಡ್ನಿ ಪೇಷೆಂಟ್ ಒಬ್ಬರಿಗೆ ಅರ್ಧ ಗಂಟೆ ವಿವರಿಸಿದೆ — ತರಕಾರಿ ಹೆಚ್ಚಿ ನೀರಲ್ಲಿ ಹಾಕಿ, ಬಸಿದು, ಮತ್ತೆ ಬೇಯಿಸಿ. ಅವರ ಹೆಂಡತಿ ಎಲ್ಲ ಕೇಳಿ, ನಿನಗೆ ಅಡುಗೆ ಬರ್ತದಾ ಎಂದರು. ಇಡೀ ವಾರ್ಡ್ ನನ್ನ ಬಾಯಿ ನೋಡಿತು. ನೀರುದೋಸೆಯಲ್ಲಿ ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್ ಎಂದು ನಿದ್ದೆಯಲ್ಲೂ ಹೇಳುತ್ತೇನೆ. ಹೊಯ್ದು ಗೊತ್ತಿಲ್ಲ.

ಸಿದ್ಧಕಟ್ಟೆ ಬಂತು. ಅಕ್ಷರ ಕುಣಿಯುತ್ತಿದೆ. ಸಾಕು.


ನವೆಂಬರ್ 12, ಬುಧವಾರ

ಟಿಕೆಟ್ ಬಂತು. ಡಿಸೆಂಬರ್ 7, ಮಂಗಳೂರು — ಮಸ್ಕತ್. ಹದಿನೆಂಟಕ್ಕೆ ವಾಪಸ್. ಮೇಡಂಗೂ ತೋರಿಸಿದೆ. ಫೋನಿನಲ್ಲಿ ತೆರೆದು ಎಷ್ಟು ಸಲ ನೋಡಿದೆನೋ. ‘ಪ್ರಾಪ್ತಿ’ ಎಂಬುದರ ಸ್ಪೆಲ್ಲಿಂಗ್ ಸರಿ ಉಂಟಾ ಎಂದು ನೋಡುವ ನೆಪ.

ಅಮ್ಮ ಅಲ್ಲಿ ಒಂದು ಸಣ್ಣ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಅಪ್ಪ ತೀರಿಕೊಂಡ ಮರುವರ್ಷ ಹೋದದ್ದು. ನನಗೆ ಹತ್ತು ವರ್ಷ. ಈಗ ಇಪ್ಪತ್ತೆರಡು. ಎರಡು ವರ್ಷಕ್ಕೊಮ್ಮೆ ಇಪ್ಪತ್ತು ದಿನ ಬರುತ್ತಾಳೆ, ಮಡಂತ್ಯಾರಿನಲ್ಲಿ ಮಾವನ ಮನೆಗೆ. ಪ್ರತಿ ಸಲ ನನಗೆ ಏನೋ ಒಂದು ಪರೀಕ್ಷೆ. ಕಳೆದ ಸಲ ಸಿಕ್ಕಿದ್ದು ಎರಡು ದಿನ. ಅದರಲ್ಲಿ ಒಂದು ದಿನ ಆಧಾರ್ ಅಪ್‌ಡೇಟ್ ಎಂದು ಬೆಳ್ತಂಗಡಿ ಆಫೀಸಿನಲ್ಲಿ ಕ್ಯೂ. ಆ ಕ್ಯೂ ಇನ್ನೂ ಉದ್ದ ಇರಬಾರದಿತ್ತೇ ಎಂದು ಈಗ ಅನಿಸುತ್ತದೆ. ಒಂದೇ ಬೆಂಚಿನಲ್ಲಿ ಮೂರು ಗಂಟೆ, ಅವಳ ತೋಳು ನನ್ನ ತೋಳಿಗೆ ತಾಗಿಕೊಂಡು.

ಅವಳ ರೂಮ್ ನಾನು ನೋಡಿದ್ದು ಫೋನಿನಲ್ಲಿ ಕಾಣುವಷ್ಟೇ. ಸಕ್ಕರೆ ಡಬ್ಬಿಗೆ ಫೋನ್ ಒರಗಿಸಿ ಅಡುಗೆ ಮಾಡುತ್ತಾಳೆ. ಹಣೆ, ಕಿಟಕಿಯ ಅರ್ಧ, ಒಂದು ನೀಲಿ ಪರದೆ. ಸೌಟು ಕೆಳಗೆಲ್ಲೋ ಸದ್ದು ಮಾಡುತ್ತದೆ, ಕಾಣುವುದಿಲ್ಲ. ಪರದೆಯ ಆಚೆ ಏನುಂಟು ಎಂದು ಹನ್ನೆರಡು ವರ್ಷದಿಂದ ಗೊತ್ತಿಲ್ಲ.

ರೂಮಿನಲ್ಲಿ ಇರುವ ಇನ್ನೊಬ್ಬ ಸಿಸ್ಟರ್ ಕೊಟ್ಟಾಯಂನವರು. ಕ್ರಿಸ್ಮಸ್ ರಜೆ ಸೇರಿಸಿ ಇದೇ 25ಕ್ಕೆ ಊರಿಗೆ ಹೋಗುತ್ತಾರೆ, ಜನವರಿ ನಾಲ್ಕಕ್ಕೆ ಬರುತ್ತಾರೆ. ಅವರ ಮಂಚ ಖಾಲಿ. ಇಷ್ಟು ವರ್ಷದಲ್ಲಿ ಒಂದು ಮಂಚ ಖಾಲಿಯಾದದ್ದು ಈಗ. ಅಮ್ಮನ ರಜೆಯೂ ಪಾಸಾಗಿದೆ, ಎಂಟರಿಂದ ಹದಿನೇಳು.

ಏನು ಮಾಡಿಡಲಿ ಎಂದು ಕೇಳಿದಳು. ಏನಾದರೂ, ಎಂದೆ.

“ಏನಾದರೂ ಅಂತ ಒಂದು ಪದಾರ್ಥ ಇಲ್ಲ ಮಗಾ.”

ನಿಜವಾಗಿ ಹೆಸರು ಬರಲಿಲ್ಲ. ಹಾಸ್ಟೆಲ್ ಮೆನು ವಾರದ ಏಳು ದಿನದ್ದೂ ಬಾಯಿಪಾಠ ಇದೆ. ಅಮ್ಮನ ಕೈಯದು ಯಾವುದು ಇಷ್ಟ ಇತ್ತು ಎಂದರೆ... ವಾಸನೆ ನೆನಪಿಗೆ ಬರುತ್ತದೆ, ಹೆಸರಲ್ಲ. ಎಲ್ಲರ ಊಟದ ಹಿಸ್ಟರಿ ಬರೆಯುವವಳ ಫಾರ್ಮ್ ಖಾಲಿ.


ನವೆಂಬರ್ 18, ಮಂಗಳವಾರ

ನಿನ್ನೆಯಿಂದ 26ರವರೆಗೆ ಡಿನ್ನರ್ ಡ್ಯೂಟಿ, ಭಾನುವಾರ ಬಿಟ್ಟು. ಎಂಟು ಗಂಟೆಯವರೆಗೆ ಇರಬೇಕು. ಟ್ರಾಲಿ ವಾರ್ಡಿಗೆ ಬರುವುದು ಏಳೂಕಾಲಕ್ಕೆ. ಅಮ್ಮನಿಗೂ ನಿನ್ನೆಯಿಂದ ನೈಟ್ ಡ್ಯೂಟಿ. ಅವಳು ಕರೆ ಮಾಡುವುದು ಏಳೂವರೆಗೆ, ಅಲ್ಲಿ ಆಗ ಆರು. ಆರೂವರೆಗೆ ಅವಳ ಗಾಡಿ ಬರುತ್ತದೆ. ಮತ್ತೆ ಬೆಳಿಗ್ಗೆಯವರೆಗೆ ಇಲ್ಲ. ಬೆಳಿಗ್ಗೆ ಅವಳಿಗೆ ನಿದ್ದೆ, ನನಗೆ ವಾರ್ಡ್. ವಾರ್ಡಿನಲ್ಲಿ ಫೋನ್ ತೆಗೆಯುವಂತಿಲ್ಲ.

ನಿನ್ನೆ ಕರೆ ತಪ್ಪಿತು. ಎಂಟೂ ಇಪ್ಪತ್ತರ ಕೊನೆಯ ಬಸ್ಸಿನಲ್ಲಿ ಎರಡು ಮಿಸ್ಡ್ ಕಾಲ್ ನೋಡುತ್ತಾ ಬಂದೆ.

ಇವತ್ತು ಐದೂವರೆಗೇ ಎಲ್ಲರ ಚಾರ್ಟ್ ತೆಗೆದು ರಾತ್ರಿ ಊಟದ ಕಾಲಂ ತುಂಬಿಸಿದೆ. ಫುಲ್, ಫುಲ್, ಹಾಫ್, ಫುಲ್. ಟೈಮ್ 8:00. ಇವರೆಲ್ಲ ಎಷ್ಟು ತಿನ್ನುತ್ತಾರೆಂದು ಒಂದು ವಾರದಿಂದ ನೋಡುತ್ತಿದ್ದೇನಲ್ಲ, ಹೆಚ್ಚುಕಮ್ಮಿ ಅದೇ. ಮೇಡಂ ಐದಕ್ಕೇ ಹೋಗಿರುತ್ತಾರೆ. 6:05ರ ಬಸ್ ಸಿಕ್ಕಿತು. ಏಳೂಕಾಲಕ್ಕೆ ಹಾಸ್ಟೆಲ್. ಏಳೂವರೆಗೆ ನೀಲಿ ಪರದೆ.

ಹಾಸ್ಟೆಲಿನಲ್ಲಿ ಮೆಸ್ ರಿಜಿಸ್ಟರ್ ಹಾಗೇ ಅಲ್ಲವೇ. ಭಾನುವಾರವೇ ಇಡೀ ವಾರದ ಸಹಿ. ಯಾರು ತಿಂದರು, ಯಾರು ಬಿಟ್ಟರು — ವಾರ್ಡನ್‌ಗೆ ಬೇಕಾದದ್ದು ಸಹಿ. ಅಮ್ಮನೂ ಮೊದಲು ಕೇಳುವುದು ಊಟ ಆಯ್ತಾ ಎಂದು. ಆಯ್ತು ಎನ್ನುತ್ತೇನೆ. ಅವಳೂ ಆಯ್ತು ಎನ್ನುತ್ತಾಳೆ. ಯಾರೂ ತಟ್ಟೆ ನೋಡುವುದಿಲ್ಲ.


ನವೆಂಬರ್ 21, ಶುಕ್ರವಾರ. ಬಸ್

ಹೊಸ ಪೇಷೆಂಟ್. ರಾಜಮತಿ, 68. ಬೆಳ್ತಂಗಡಿ ಪೇಟೆ. ಶುಗರ್, ಕಾಲಿನಲ್ಲಿ ಗಾಯ. ಎರಡು ಹೊತ್ತು ಇನ್ಸುಲಿನ್. ಹೆಬ್ಬೆರಳು ಉಳಿಯುತ್ತದೋ ಇಲ್ಲವೋ ಎಂದು ಸರ್ಜನ್ ಇನ್ನೂ ಹೇಳಿಲ್ಲ. ಅವರೇನೂ ಅದನ್ನು ಕೇಳಿದಂತಿಲ್ಲ. ಹಾಸಿಗೆಯಲ್ಲಿ ಕೂರುವ ರೀತಿ ನೋಡಿದರೆ ನಾವೇ ಅವರ ಮನೆಗೆ ಬಂದ ಹಾಗೆ. ನೀರು ಕುದಿಸಿದ್ದಾ ಎಂದು ಕೇಳಿ ಕುಡಿಯುತ್ತಾರೆ.

ಫಾರ್ಮ್ ತುಂಬಿಸಿದೆ. ಜೈನರು. ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ, ಗಡ್ಡೆ ಯಾವುದೂ ಇಲ್ಲ. ‘ಜೈನ್ ಡಯಟ್’ ಎಂಬ ಚೌಕಕ್ಕೆ ಟಿಕ್ ಹಾಕುವಾಗ ಖುಷಿ, ಏನೋ ಗೊತ್ತಿದ್ದವಳ ಹಾಗೆ. ಬೆಳಿಗ್ಗೆ ಏನು, ಮಧ್ಯಾಹ್ನ ಏನು, ಕೊನೆಯ ಊಟಕ್ಕೆ ಏನು. ಎರಡು ದೋಸೆ, ಪಲ್ಯ ಎಂದರು. ಫಾರ್ಮಿನಲ್ಲಿ ಹೊತ್ತು ಮೊದಲೇ ಪ್ರಿಂಟ್ ಆಗಿರುತ್ತದೆ. ರಾತ್ರಿ 8ರ ಎದುರು ದೋಸೆ ಬರೆದೆ.

ಪಕ್ಕದ ಬೆಡ್ಡಿನಲ್ಲಿ ಫರಂಗಿಪೇಟೆಯವರು. ಅವರ ಅಕ್ಕ ಮೈಮೂನಮ್ಮ ಜೊತೆಗೆ ಇರುವವರು. ಎಲ್ಲರ ಕಾಯಿಲೆಯೂ ಅವರಿಗೆ ಗೊತ್ತು. ನನ್ನ ಬ್ಯಾಡ್ಜ್ ಓದಿ, ಮದುವೆ ಆಗಿದೆಯಾ, ಅಮ್ಮ ಎಲ್ಲಿ, ಇಷ್ಟು ಸಪೂರ ಯಾಕೆ — ಒಂದೇ ಉಸಿರಿಗೆ. ಡಯಟಿನವಳೇ ತಿನ್ನುವುದಿಲ್ಲ ಎಂದರೆ ನಾವು ಯಾರನ್ನು ನಂಬುವುದು ಮಾರಾಯ್ತಿ, ಎಂದು ನಕ್ಕರು.


ನವೆಂಬರ್ 24, ಸೋಮವಾರ

ರಾಜಮತಿ ಅಮ್ಮನ ಬೆಳಗಿನ ಶುಗರ್ ಕಡಿಮೆ ಬರುತ್ತಿದೆ. ಇವತ್ತು 72. ರೌಂಡ್ಸಿನಲ್ಲಿ ಡಾಕ್ಟರರು ಮೇಡಂ ಮುಖ ನೋಡಿದರು, ಮೇಡಂ ನನ್ನ ಮುಖ. ಚಾರ್ಟ್ ಪ್ರಕಾರ ಎಲ್ಲ ಊಟ ಫುಲ್. ನಾನೇ ಬರೆದದ್ದು. ಬಾಯಿ ತಾನಾಗಿ ಹೇಳಿತು — ಮಲಗುವಾಗ ಒಂದು ಲೋಟ ಹಾಲು, ಎರಡು ಮಾರಿ ಬಿಸ್ಕತ್ತು ಸೇರಿಸಬಹುದು. ಮೇಡಂ, ಗುಡ್, ಎಂದರು. ಮೊದಲ ಗುಡ್.

ಸಂಜೆ ಅಮ್ಮನಿಗೆ ಹೇಳಿದೆ. ಅವಳಿಗೆ ಇಷ್ಟು ಖುಷಿಯಾದದ್ದು ನೋಡಿರಲಿಲ್ಲ. ಪೂರ್ತಿ ಮುಖ ಫೋನಿಗೆ ತಂದಳು. ಕಣ್ಣ ಕೆಳಗೆ ಕಪ್ಪಾಗಿದೆ. ಕಿವಿಯ ಹತ್ತಿರ ಕೂದಲು ಬೆಳ್ಳಗೆ. ಮುಟ್ಟಬೇಕೆನಿಸಿತು. ಸ್ಕ್ರೀನ್ ಮುಟ್ಟಿದರೆ ಕಾಲ್ ಮ್ಯೂಟ್ ಆಗುತ್ತದೆ. ಆಯಿತು ಕೂಡ.

ಹದಿಮೂರು ದಿನ.


ನವೆಂಬರ್ 27, ಗುರುವಾರ. ಊಟದ ಹಾಲ್, ಯಾರೂ ಇಲ್ಲ

ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ವಾರ್ಡಿಗೆ ಹೋದರೆ ರಾಜಮತಿ ಅಮ್ಮನಿಗೆ ಗ್ಲೂಕೋಸ್ ಡ್ರಿಪ್. ರಾತ್ರಿ ಮೂರೂವರೆಗೆ ಶುಗರ್ 46. ಮೈಯೆಲ್ಲ ಬೆವರು, ಕರೆದರೆ ಮಾತಿಲ್ಲ. ಮೈಮೂನಮ್ಮ ಎದ್ದು ನೋಡಿ ಕೂಗಿದ್ದರಿಂದ ಗೊತ್ತಾಯಿತು. ಈಗ ಸರಿ ಇದ್ದಾರೆ. ಮಾತಾಡುತ್ತಾರೆ. ಆದರೆ ಇನ್ನೂ ಒಂದು ಗಂಟೆ ಯಾರೂ ನೋಡದೆ ಇದ್ದಿದ್ದರೆ... ಬರೆಯುವುದಿಲ್ಲ.

ಡಾಕ್ಟರರು ರಾಜಮತಿ ಅಮ್ಮನಲ್ಲಿ ರಾತ್ರಿ ಊಟ ಮಾಡಿದ್ದೀರಾ ಎಂದು ಕೇಳಿದರಂತೆ. ರಾತ್ರಿ ನಾನು ಊಟ ಮಾಡುವುದಿಲ್ಲ, ಎಂದರಂತೆ. ಅಷ್ಟು ಸರಳ. ಯಾರೂ ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಸೂರ್ಯ ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹಾಕುವುದಿಲ್ಲ — ಐವತ್ತು ವರ್ಷದ ನಿಯಮ. ಮಗ ರವಿರಾಜಣ್ಣ ಬೆಳ್ತಂಗಡಿಯಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದಾರೆ. ಅವರು ದಿನಾ ಐದೂವರೆಯೊಳಗೆ ಬಸ್ಸಿನಲ್ಲಿ ಬುತ್ತಿ ತರುತ್ತಿದ್ದರು. ಅದೇ ಊಟ. ಏಳೂಕಾಲಕ್ಕೆ ನಮ್ಮ ತಟ್ಟೆ ಬಂದಾಗ ಬೇಡ ಎನ್ನದೆ ತೆಗೆದುಕೊಂಡು ಮೈಮೂನಮ್ಮನಿಗೆ ಕೊಡುತ್ತಿದ್ದರು. ನನ್ನ ‘ಗುಡ್’ ಹಾಲು, ನನ್ನ ಮಾರಿ ಬಿಸ್ಕತ್ತು ಕೂಡ ಅಲ್ಲಿಗೇ. ನಿನ್ನೆ ಮಡಂತ್ಯಾರಿನ ಹತ್ತಿರ ಲಾರಿ ಅಡ್ಡ ಬಿದ್ದು ರಸ್ತೆ ಬಂದ್. ರವಿರಾಜಣ್ಣ ತಲುಪಿದಾಗ ಏಳು ಗಂಟೆ. ಬುತ್ತಿ ಬಿಚ್ಚಲಿಲ್ಲ. ತಟ್ಟೆ ಮಾತ್ರ ಎಂದಿನಂತೆ ಖಾಲಿಯಾಗಿ ವಾಪಸ್. ಎಂಟಕ್ಕೆ ನೈಟ್ ಸಿಸ್ಟರ್ ಫರ್ಹಾನ ಚಾರ್ಟ್ ನೋಡಿದರು — ಡಿನ್ನರ್, ಫುಲ್. ಇನ್ಸುಲಿನ್ ಕೊಟ್ಟರು.

ಮೈಮೂನಮ್ಮ ಅಳುತ್ತಿದ್ದರು. ಅನ್ನ ಹಾಳಾಗಬಾರದು ಅಂತ ತಿಂದೆ ಮಗಾ, ಉಪ್ಪಿಲ್ಲದಿದ್ರೂ ತಿಂದೆ, ಎಂದು.

ನನಗೆ ಗೊತ್ತಿಲ್ಲದ ವಿಷಯವೇ ಇದು? ಮೂಡುಬಿದಿರೆಯಲ್ಲಿ ಇದು ಒಂಬತ್ತನೇ ವರ್ಷ. ಹೈಸ್ಕೂಲ್ ಹಾಸ್ಟೆಲಿನಲ್ಲಿ ತ್ರಿಶಾ, ಜೈನರ ಹುಡುಗಿ, ನನ್ನ ಪಕ್ಕದ ಮಂಚ. ದಿನಾ ಐದೂವರೆಗೆ, ನಾವೆಲ್ಲ ಗ್ರೌಂಡಿನಲ್ಲಿರುವಾಗ, ಅವಳು ಮತ್ತು ಇನ್ನು ನಾಲ್ಕು ಮಂದಿ ಎಲ್ಲ ಹಾಸ್ಟೆಲಿಗೂ ಒಂದೇ ಆದ ಈ ಹಾಲಿನಲ್ಲೇ ಕೂತು ಊಟ ಮುಗಿಸುತ್ತಿದ್ದರು. ಕಿಟಕಿಯಿಂದ ಕೈಬೀಸುತ್ತಿದ್ದೆ. ಗೊತ್ತಿತ್ತು. ಆದರೆ ಫಾರ್ಮಿನಲ್ಲಿ ಎಂಟು ಗಂಟೆ ಎಂದಿತ್ತು. ಫಾರ್ಮನ್ನು ನಂಬಿದೆ.

ಅದಾದರೂ ತಪ್ಪು, ತಿಳಿಯದೆ ಆದದ್ದು. ಇನ್ನೊಂದು ಉಂಟು. ನಿನ್ನೆ ಐದೂವರೆಗೆ ಆ ‘ಫುಲ್’ ಬರೆದು ಬಸ್ ಹತ್ತಿದೆ. ತಟ್ಟೆ ಅಡುಗೆಮನೆಯಿಂದ ಹೊರಟಿರಲೇ ಇಲ್ಲ. ನಾನು ಅಲ್ಲಿದ್ದು ಟ್ರಾಲಿಯ ಹಿಂದೆ ಹೋಗಿದ್ದರೆ ತಟ್ಟೆ ಪಕ್ಕದ ಬೆಡ್ಡಿಗೆ ದಾಟುವುದು ಕಣ್ಣಿಗೆ ಬೀಳುತ್ತಿತ್ತು. ಮೊದಲ ದಿನವೇ ಬೀಳುತ್ತಿತ್ತು.

ಮೇಡಂ ಕೇಳಿದರು, ನಿನ್ನೆ ರಾತ್ರಿ ಚಾರ್ಟ್ ನೀನೇ ಬರೆದದ್ದಾ ಎಂದು.

“ತಟ್ಟೆ ಖಾಲಿ ಬಂದಿತ್ತು ಮೇಡಂ,” ಎಂದೆ.

ಬೆಳಿಗ್ಗೆ ಅಡುಗೆಯವರಿಂದ ಕೇಳಿ ತಿಳಿದದ್ದು. ಸುಳ್ಳಲ್ಲ. ಸುಳ್ಳೇ.

ಅಮ್ಮನ ಕರೆ ತೆಗೆಯಲಿಲ್ಲ.


ನವೆಂಬರ್ 28, ಶುಕ್ರವಾರ

ಫರ್ಹಾನ ಸಿಸ್ಟರಿಗೆ ಮೆಮೊ. ಕೆಲಸಕ್ಕೆ ಸೇರಿ ಮೂರು ತಿಂಗಳು, ಇನ್ನೂ ಪ್ರೊಬೇಷನ್. ಪೇಷೆಂಟನ್ನು ಕೇಳದೆ ಇನ್ಸುಲಿನ್ ಕೊಟ್ಟದ್ದಕ್ಕೆ ಉತ್ತರ ಬರೆದು ಕೊಡಬೇಕು. ನಾನು ತಟ್ಟೆಗಳ ರಾಶಿ ಹಿಡಿದು ನರ್ಸಿಂಗ್ ಸ್ಟೇಷನ್ ಹತ್ತಿರ ನಿಂತಿದ್ದೆ. ಇನ್‌ಚಾರ್ಜ್ ಸಿಸ್ಟರ್ ಕೂತಿದ್ದರು, ಫರ್ಹಾನ ನಿಂತಿದ್ದರು.

“ಏಳು ಗಂಟೆಗೆ ನಾನು ಡ್ಯೂಟಿಗೆ ಬಂದಾಗಲೇ ಫುಲ್ ಅಂತ ಬರೆದಿತ್ತು ಸಿಸ್ಟರ್. ನನಗೆ ಸರೀ ನೆನಪುಂಟು.”

“ಊಟ ಬರುವ ಮೊದಲೇ ಊಟ ಆಯ್ತು ಅಂತ ಯಾರಾದ್ರೂ ಬರೀತಾರಾ? ಟೈಮ್ ನೋಡು, ಎಂಟು ಅಂತ ಹಾಕಿದ್ದಾರೆ. ತಪ್ಪು ಆಯ್ತು ಅಂತ ಹೇಳು, ಮುಗೀತದೆ. ಕಥೆ ಕಟ್ಟಬೇಡ.”

ಫರ್ಹಾನ ತಿರುಗುವಾಗ ನನ್ನನ್ನು ನೋಡಿದರು. ಸಂಶಯದಿಂದ ಅಲ್ಲ. ತಟ್ಟೆ ಭಾರ ಉಂಟಾ, ಹಿಡಿಯಲಾ, ಎಂಬ ಹಾಗೆ.

ಬಾಯಿ ತೆರೆದರೆ ಏನಾಗುತ್ತದೆ ಎಂದು ಗೊತ್ತು. ಸಹಿ ಇಲ್ಲ. ಬ್ಲಾಕ್ ರಿಪೀಟ್, ಹದಿನೈದು ದಿನ, ಆರನೇ ತಾರೀಖಿನಿಂದ. ಏಳಕ್ಕೆ ವಿಮಾನ. ಬಾಯಿ ಮುಚ್ಚಿದರೆ ಒಂದು ವಾರದಲ್ಲಿ ಪರದೆಯ ಆಚೆ.

ಇವತ್ತು ಕರೆ ತೆಗೆದೆ. ಅಮ್ಮ ಯೂನಿಫಾರ್ಮಿನಲ್ಲಿದ್ದಳು. ಮಂಚಕ್ಕೆ ಹೊಸ ಬೆಡ್‌ಶೀಟ್ ಹಾಕಿ ತೋರಿಸಿದಳು. ಅಗಲ ಸಾಲದಿದ್ದರೆ ಎರಡೂ ಮಂಚ ಜೋಡಿಸುವ, ಎಂದಳು. ನಿನ್ನೆ ಯಾಕೆ ತೆಗೆಯಲಿಲ್ಲ ಎಂದು ಕೇಳಲಿಲ್ಲ. ಹೊರಗೆ ಹಾರ್ನ್. ಗಾಡಿ ಬಂತು ಮಗಾ, ಇವತ್ತು ನಾನೊಬ್ಬಳೇ, ಹನ್ನೊಂದು ಪೇಷೆಂಟ್ — ಎನ್ನುತ್ತಾ ಓಡಿದಳು. ಫೋನ್ ಕಟ್ ಮಾಡಲು ಮರೆತಳು. ಸ್ವಲ್ಪ ಹೊತ್ತು ಖಾಲಿ ಕಿಟಕಿ ನೋಡಿದೆ.

ಹನ್ನೊಂದು ಪೇಷೆಂಟ್. ಹನ್ನೊಂದು ಚಾರ್ಟ್. ಯಾರೋ ಬರೆದು ಹೋದದ್ದನ್ನು ನಂಬಿ ಅಮ್ಮ ಸೂಜಿ ಚುಚ್ಚುತ್ತಾಳೆ.


ಡಿಸೆಂಬರ್ 1, ಸೋಮವಾರ

ಹೇಳಿದೆ.

ಶನಿವಾರ, ಭಾನುವಾರ ಬರೆಯಲಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ. ಮಲಗಿದ್ದೆ, ಎದ್ದೆ, ಸೂಟ್‌ಕೇಸ್ ತೆಗೆದೆ, ಮಂಚದ ಕೆಳಗೆ ತಳ್ಳಿದೆ.

ಬೆಳಿಗ್ಗೆ ಮೇಡಂ ಕ್ಯಾಬಿನ್. ಅವರು ಅಕ್ಕಿ ಸ್ಯಾಂಪಲ್ ನೋಡುತ್ತಿದ್ದರು. ಇಂಗ್ಲಿಷಿನಲ್ಲಿ ತಯಾರಿ ಮಾಡಿಕೊಂಡು ಹೋಗಿದ್ದೆ, ಎರಡು ಪ್ಯಾರಾ. ಒಂದೂ ಬರಲಿಲ್ಲ. ಫರ್ಹಾನ ಸಿಸ್ಟರ್ ಹೇಳಿದ್ದು ನಿಜ, ಎಂದಷ್ಟೇ ಬಂತು. ಮೇಡಂ ಅಕ್ಕಿ ಕೆಳಗಿಟ್ಟರು.

“ತಟ್ಟೆ ಬರುವ ಮೊದಲೇ ಬರೆದೆಯಾ?”

“ಹೌದು ಮೇಡಂ.”

“ಎಷ್ಟು ದಿನ?”

“ಎಂಟು.”

ಯಾಕೆ ಎಂದು ಕೇಳಿದರು. ಬಸ್, ಎಂದೆ. ಮತ್ತೆ ಯಾಕೆ ಎಂದರು. ಅಮ್ಮನ ಕರೆ, ಎಂದೆ. ಗುರುವಾರ ನಾನು ಕೇಳಿದಾಗಲೂ ನೀನು ಹೇಳಲಿಲ್ಲ, ಎಂದರು.

“ನನ್ನಲ್ಲಿ ಕೇಳಿದ್ದರೆ ಆ ಅರ್ಧ ಗಂಟೆ ಈ ಕ್ಯಾಬಿನ್ ನಿನಗೆ ಬಿಟ್ಟುಕೊಡ್ತಿದ್ದೆ. ಒಂದು ಮಾತು ಕೇಳ್ಲಿಕ್ಕೆ ಏನಾಗಿತ್ತು?”

ಕೇಳಬಹುದು ಎಂಬುದೇ ತಲೆಗೆ ಹೊಳೆದಿರಲಿಲ್ಲ. ಹಾಸ್ಟೆಲಿನಲ್ಲಿ ಯಾರೂ ಕೇಳುವುದಿಲ್ಲ. ದಾರಿ ಹುಡುಕಿಕೊಳ್ಳುತ್ತೇವೆ.

ಮೇಡಂ ನನ್ನನ್ನು ಕರೆದುಕೊಂಡು ಇನ್‌ಚಾರ್ಜ್ ಹತ್ತಿರ ಹೋದರು. ಅಲ್ಲಿ ಮತ್ತೊಮ್ಮೆ ಹೇಳಿದೆ, ಬರೆದೂ ಕೊಟ್ಟೆ. ಮೆಮೊ ವಾಪಸ್ ತೆಗೆಯುತ್ತಾರೆ. ಫರ್ಹಾನ ಸಿಸ್ಟರಿಗೂ ಒಂದು ವಾರ್ನಿಂಗ್ ಉಂಟು, ಬಾಯಲ್ಲಿ, ಪೇಷೆಂಟನ್ನು ಕೇಳಬೇಕಿತ್ತು ಎಂದು. ಕ್ಯಾಬಿನ್‌ಗೆ ವಾಪಸ್ ಬಂದ ಮೇಲೆ ಮೇಡಂ ನನ್ನ ಇಂಟರ್ನ್‌ಶಿಪ್ ಲಾಗ್‌ಬುಕ್ ತೆರೆದರು. ಸಹಿಯ ಜಾಗದಲ್ಲಿ ‘ರಿಪೀಟ್’. ಡಿಸೆಂಬರ್ 6ರಿಂದ 20. ದಿನಾ ಡಿನ್ನರ್ ಡ್ಯೂಟಿ.

“ನಿನ್ನ ಟಿಕೆಟ್ ನನಗೆ ನೆನಪುಂಟು ಪ್ರಾಪ್ತಿ,” ಎಂದರು. ಅಷ್ಟೆ. ದನಿ ತಗ್ಗಿಸಿ ಹೇಳಿದರು. ‘ರಿಪೀಟ್’ ಬದಲಾಗಲಿಲ್ಲ.

ಮಧ್ಯಾಹ್ನ ಮೆಟ್ಟಿಲ ಹತ್ತಿರ ಫರ್ಹಾನ ಸಿಕ್ಕಿದರು. ಸಾರಿ ಎಂದೆ. ಅವರು ಮೂರು ದಿನ ಮನೆಯಲ್ಲಿ ಯಾರಿಗೂ ಹೇಳದೆ ಒಬ್ಬರೇ ಕೂತಿದ್ದರಂತೆ. ನಾನೇ ತಪ್ಪು ನೋಡಿದೆನಾ, ಕಣ್ಣು ಸರಿ ಇಲ್ಲವಾ ಎಂದು ತಮ್ಮನ್ನೇ ಸಂಶಯ ಮಾಡಿಕೊಂಡು.

“ಮೇಡಂ ಹತ್ರ ಹೇಳಿದ್ದು ಒಳ್ಳೇದಾಯ್ತು. ಆದ್ರೆ ಮೊದಲು ನನ್ನ ಹತ್ರ ಹೇಳ್ಬೇಕಿತ್ತು ನೀನು.”

ಹೌದು.


ಡಿಸೆಂಬರ್ 2, ಮಂಗಳವಾರ

ರಾಜಮತಿ ಅಮ್ಮ ಡಿಸ್ಚಾರ್ಜ್. ಹೆಬ್ಬೆರಳು ಉಳಿಯಿತು. ನಾಲ್ಕು ದಿನದಿಂದ ಅವರಿಗೆ ಐದೂಕಾಲಕ್ಕೆ ಇನ್ಸುಲಿನ್, ಐದೂವರೆಗೆ ತಟ್ಟೆ. ಅಡುಗೆ ಭಟ್ಟರು ಗೊಣಗಿದರು, ಮತ್ತೆ ಅವರೇ ನೆನಪಿಟ್ಟು ಕಳಿಸಿದರು. ಬೆಳಗಿನ ಶುಗರ್ 108. ಮೇಡಂ ಫಾರ್ಮಿನ ಪ್ರಿಂಟ್ ಹೊತ್ತುಗಳನ್ನು ಅಳಿಸಿ ಖಾಲಿ ಗೆರೆ ಹಾಕಿಸುತ್ತಿದ್ದಾರೆ.

ಅಮ್ಮನಿಗೆ ಈಗ ಡೇ ಡ್ಯೂಟಿ. ಇವತ್ತು ಮುಕ್ಕಾಲು ಗಂಟೆ ಮಾತಾಡಿದಳು. ಏರ್‌ಪೋರ್ಟಿನಲ್ಲಿ ಯಾವ ಗೇಟಿನ ಹತ್ತಿರ ನಿಲ್ಲುತ್ತೇನೆ, ಯಾವ ಬಣ್ಣದ ಸೀರೆ. ಕುಚ್ಚಲಕ್ಕಿ ಎಲ್ಲಿ ಸಿಕ್ಕಿತು. ಬಾಯಿಗೆ ಬಂತು, ಹೇಳಲಿಲ್ಲ. ಅವಳು ಅಷ್ಟು ಮಾತಾಡಿ ಕೇಳಿಯೇ ಗೊತ್ತಿಲ್ಲ. ನಿಲ್ಲಿಸಲು ಮನಸ್ಸಾಗಲಿಲ್ಲ. ಇನ್ನೊಂದು ದಿನ ಅವಳು ಹಾಗೇ ಇರಲಿ.


ಡಿಸೆಂಬರ್ 3

ಇವತ್ತೂ ಹೇಳಲಿಲ್ಲ.


ಡಿಸೆಂಬರ್ 4, ಗುರುವಾರ. ಬೆಳ್ತಂಗಡಿ ಬಸ್‌ಸ್ಟ್ಯಾಂಡ್, ಸಂಜೆ 6:25

ಫಾಲೋಅಪ್‌ಗೆ ರಾಜಮತಿ ಅಮ್ಮನ ಮನೆಗೆ ಬಂದದ್ದು. ಅಂಗಡಿಯ ಮೇಲಿನ ಮಾಳಿಗೆ. ಮೇಡಂಗೆ ತಾಲೂಕು ಆಫೀಸಿನಲ್ಲಿ ಕೆಲಸವಿತ್ತು, ನನ್ನನ್ನು ಇಳಿಸಿ ಹೋದರು. ಕೇಳಬೇಕಾದದ್ದನ್ನೆಲ್ಲ ಕೇಳಿದೆ. ಮೊದಲು ಹೊತ್ತು, ಆಮೇಲೆ ಪದಾರ್ಥ. ರವಿರಾಜಣ್ಣ ಮೆಟ್ಟಿಲಿನಿಂದ, ಅಮ್ಮ ಆಸ್ಪತ್ರೆಯಲ್ಲಿ ಮೈಮೂನಮ್ಮನಿಗೆ ಒಂದು ವಾರ ಡಯಟ್ ಮಾಡಿಸಿದ್ದಾರೆ, ಅದಕ್ಕೂ ಒಂದು ಸರ್ಟಿಫಿಕೇಟ್ ಕೊಡಿ, ಎಂದರು.

ಕ್ಷಮೆ ಕೇಳಿದೆ. ಒಂದು ಮಾತು ಯಾಕೆ ಹೇಳಲಿಲ್ಲ ಅಮ್ಮ, ಎಂದೂ ಕೇಳಿದೆ.

“ಹೇಳಿದ್ರೆ ನೀವೆಲ್ಲ ಅಡಿಗೆಯವರನ್ನು ಓಡಿಸ್ತೀರಿ. ನಿಯಮ ನನ್ನದು. ಅದಕ್ಕೆ ಬೇರೆಯವರು ಯಾಕೆ ಓಡ್ಬೇಕು? ಹಾಗೆ ಎಣಿಸಿದೆ. ಕೊನೆಗೆ ರಾತ್ರಿ ಮೂರು ಗಂಟೆಗೆ ಎಲ್ಲರನ್ನೂ ಓಡಿಸಿದೆ.” ನಕ್ಕರು. ಸ್ವಲ್ಪವೇ.

ಐದೂಕಾಲಕ್ಕೆ ಅವರು ಊಟಕ್ಕೆ ಕೂತರು. ಕೇಳದೆ ಇನ್ನೊಂದು ಬಟ್ಟಲು ಇಟ್ಟರು. ನೀರುದೋಸೆ, ತೊಂಡೆಕಾಯಿ ಪಲ್ಯ, ಹೆಸರುಬೇಳೆ ತೊವ್ವೆ. ಡ್ಯೂಟಿಯಲ್ಲಿ ತಿನ್ನಬಾರದು ಎಂದೆ. ಹಸಿವಿಲ್ಲದೆ ಬೇಡ ಅನ್ನು, ಡ್ಯೂಟಿಗೆ ಅನ್ನಬೇಡ, ಎಂದರು. ತಿಂದೆ. ಐದು ದೋಸೆ. ಲೆಕ್ಕ ಹಾಕಲಿಲ್ಲ ಎಂದು ಬರೆಯುವುದಿಲ್ಲ, ಹಾಕಿದೆ. ಆರನೆಯದನ್ನು ಅವರೇ ಹಾಕಿದರು. ಕಿಟಕಿಯಿಂದ ಬಿಸಿಲು ಬಟ್ಟಲಿನ ತನಕ ಬರುತ್ತಿತ್ತು. ಯಾರ ಮನೆಯಲ್ಲೋ, ಯಾರದೋ ಅಮ್ಮ. ತಲೆ ಎತ್ತಲಿಲ್ಲ.

ಕೈ ತೊಳೆದು ಬಂದ ಮೇಲೆ, ನಿನ್ನ ಅಮ್ಮ ಎಲ್ಲಿ ಎಂದು ಕೇಳಿದರು. ಹೇಳಿದೆ. ಏಳನೇ ತಾರೀಖಿನದ್ದೂ ಬಂತು. ಹೋಗುವುದಿಲ್ಲ ಎಂದು ಅವಳಿಗೆ ಗೊತ್ತುಂಟಾ ಎಂದರು. ಇಲ್ಲ, ಎಂದೆ. ಅವರು ಬೇಜಾರೂ ಮಾಡಲಿಲ್ಲ, ಸಮಾಧಾನವೂ ಹೇಳಲಿಲ್ಲ.

“ಅವಳು ಅಲ್ಲಿ ನಿನಗೆ ಅಂತ ಅಕ್ಕಿ ನೆನೆಹಾಕ್ತಾಳೆ. ನೆನೆಹಾಕುವ ಮೊದಲೇ ಹೇಳು. ನಾನು ಹೇಳದೆ ಕೂತದ್ದು ಎಲ್ಲಿಗೆ ಮುಟ್ಟಿತು ನೋಡಿದಿಯಲ್ಲ.”

ಬಸ್ ಇನ್ನೂ ಬಂದಿಲ್ಲ. ಅವಳ ಡ್ಯೂಟಿ ಏಳೂವರೆಯವರೆಗೆ, ನಮ್ಮ ಒಂಬತ್ತು. ಮಾತಾಡಿದರೆ ಅಳುತ್ತೇನೆ. ಅಳುವುದನ್ನು ಕೇಳಿದರೆ ಅವಳು, ಆಯ್ತು ಬಿಡು ಮಗಾ ಎನ್ನುತ್ತಾಳೆ. ಬಿಡುವುದು ಬೇಡ. ಬರೆದು ಕಳಿಸುವುದು. ಇಲ್ಲಿ ಬರೆದು ನೋಡಿ, ಆಮೇಲೆ ಫೋನಿಗೆ.

ಅಮ್ಮ, ಏಳಕ್ಕೆ ಬರಲಿಕ್ಕೆ ಆಗುವುದಿಲ್ಲ. ತಪ್ಪು ನನ್ನದು. ಪೇಷೆಂಟ್ ತಿನ್ನುವ ಮೊದಲೇ ತಿಂದಿದ್ದಾರೆ ಎಂದು ಚಾರ್ಟಿನಲ್ಲಿ ಬರೆದೆ. ಎಂಟು ದಿನ ಹಾಗೆ ಮಾಡಿದೆ, ನಿನ್ನ ಕರೆ ಸಿಗಲಿ ಎಂದು. ಒಬ್ಬರಿಗೆ ರಾತ್ರಿ ಲೋ ಶುಗರ್ ಆಯಿತು. ಈಗ ಚೆನ್ನಾಗಿದ್ದಾರೆ. ಮೆಮೊ ಸಿಕ್ಕಿದ್ದು ನೈಟ್ ನರ್ಸಿಗೆ. ಸೋಮವಾರ ನಾನೇ ಹೋಗಿ ಹೇಳಿದೆ. ಇಪ್ಪತ್ತರವರೆಗೆ ಡ್ಯೂಟಿ ಮತ್ತೆ ಮಾಡಬೇಕು. ನಾಲ್ಕು ದಿನದಿಂದ ನಿನಗೆ ಹೇಳದೆ ಇದ್ದೆ, ಅದೂ ತಪ್ಪು.

ಇಪ್ಪತ್ತೆರಡರ ವಿಮಾನದಲ್ಲಿ ಸೀಟು ಉಂಟು, ನೋಡಿದ್ದೇನೆ. ಟಿಕೆಟ್ ಬದಲಿಸಲು ನಾಳೆ ಸಂಜೆ ನಾಲ್ಕರವರೆಗೆ ಸಮಯ. ಸಿಸ್ಟರ್ ಬರುವುದು ಜನವರಿ ನಾಲ್ಕಕ್ಕಲ್ಲವಾ. ಮಂಚ ಅಲ್ಲಿಯವರೆಗೆ ಖಾಲಿ. ನಿನ್ನ ರಜೆ ಇಪ್ಪತ್ತೆರಡರಿಂದ ಮಾಡಿಕೊಡುತ್ತಾರಾ ಎಂದು ನಾಳೆ ಬೆಳಿಗ್ಗೆಯೇ ಕೇಳು. ರಜೆ ಸಿಗದಿದ್ದರೂ ಬರುತ್ತೇನೆ. ನೀನು ಡ್ಯೂಟಿಗೆ ಹೋದಾಗ ರೂಮಿನಲ್ಲಿ ಇರುತ್ತೇನೆ, ನೀನು ಬರುವವರೆಗೆ. ಬೇಡ ಎಂದಾದರೆ ಬೇಡ ಎಂದೇ ಬರೆ, ನನಗೆ ಬೇಜಾರಾಗುತ್ತದೆ ಎಂದು ಸುಮ್ಮನಿರಬೇಡ. ಯಾವುದಾದರೂ ಸರಿ, ಬೇಗ ಉತ್ತರ ಕೊಡು ಅಮ್ಮ. ನಾಳೆ ಮಧ್ಯಾಹ್ನದ ಒಳಗೆ —

ಬಸ್ ಬಂತು, ಉಳಿದದ್ದು ಹತ್ತಿ ಕೂತು ನೇರ ಫೋನಿಗೆ.